ಹಾರ್ವರ್ಡ್ ಪದವಿ ಕೊಡಲಿಲ್ಲ, ಸಂಘ ಅಧ್ಯಕ್ಷರನ್ನಾಗಿ ಆರಿಸಿತು: ಮೇರಿ ಕಾಲ್ಕಿನ್ಸ್ ಬದುಕಿನ ಎರಡು ದಾಖಲೆಗಳು

1905ರ ಡಿಸೆಂಬರ್ ಕೊನೆಯ ವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಪಟ್ಟಣದಲ್ಲಿರುವ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ಕಟ್ಟಡವೊಂದರ ಉದ್ಘಾಟನೆ. ತತ್ವಶಾಸ್ತ್ರ ಮತ್ತು ಮನೋವಿಜ್ಞಾನ ವಿಭಾಗಕ್ಕೆಂದೇ ಕಟ್ಟಿದ ಎಮರ್ಸನ್ ಹಾಲ್ ಅದು. ದೇಶದ ಮನೋವಿಜ್ಞಾನಿಗಳ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಅಂದರೆ ಎಪಿಎ, ತನ್ನ 14ನೇ ವಾರ್ಷಿಕ ಸಭೆಯನ್ನು ಅದೇ ಹೊತ್ತಿಗೆ ಅಲ್ಲಿಯೇ ಇಟ್ಟುಕೊಂಡಿತ್ತು. ಆ ವರ್ಷ ಅಧ್ಯಕ್ಷ ಭಾಷಣ ಮಾಡಬೇಕಿದ್ದವರು 42 ವರ್ಷದ ಮೇರಿ ವೈಟನ್ ಕಾಲ್ಕಿನ್ಸ್. ಸಂಘಕ್ಕೆ ಮಹಿಳೆಯೊಬ್ಬರು ಅಧ್ಯಕ್ಷರಾದದ್ದು ಅದೇ ಮೊದಲು.

ಸಭೆಯಲ್ಲಿದ್ದ ಅನೇಕರಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಹತ್ತು ವರ್ಷಗಳ ಹಿಂದೆ ಇದೇ ಹಾರ್ವರ್ಡ್‌ನಲ್ಲಿ ಮೇರಿ ಪಿಎಚ್‌ಡಿಗೆ ಬೇಕಾದ ಓದು, ಪ್ರಯೋಗ, ಪ್ರಬಂಧ, ಮೌಖಿಕ ಪರೀಕ್ಷೆ ಎಲ್ಲವನ್ನೂ ಮುಗಿಸಿದ್ದರು. ಪ್ರಾಧ್ಯಾಪಕರು ಪದವಿಗೆ ಶಿಫಾರಸು ಮಾಡಿದ್ದರು. ವಿಶ್ವವಿದ್ಯಾಲಯ ಮಾತ್ರ ಒಪ್ಪಿರಲಿಲ್ಲ. ಕಾರಣ ಒಂದೇ, ಅವರು ಹೆಣ್ಣು.

ಒಂದು ಸಂಸ್ಥೆಯ ಪುಸ್ತಕದಲ್ಲಿ ಅವರ ಹೆಸರು ಅಧ್ಯಕ್ಷರ ಸಾಲಿನಲ್ಲಿದೆ. ಇನ್ನೊಂದರಲ್ಲಿ, ಅನುಮತಿ ಪಡೆದು ತರಗತಿಯಲ್ಲಿ ಕುಳಿತ ಅತಿಥಿಯ ಸಾಲಿನಲ್ಲಿದೆ. ವ್ಯಕ್ತಿ ಒಬ್ಬರೇ, ಯೋಗ್ಯತೆಯೂ ಒಂದೇ. ದಾಖಲೆ ಮಾತ್ರ ಎರಡು. ಮೇರಿ ಅವರ ಬದುಕನ್ನು ತಿಳಿಯಲು ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಪಾದ್ರಿಯ ಮನೆಯ ಹಿರಿಮಗಳು

ಮೇರಿ ಹುಟ್ಟಿದ್ದು 1863ರ ಮಾರ್ಚ್ 30ರಂದು, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ಐವರು ಮಕ್ಕಳಲ್ಲಿ ಹಿರಿಯವರು. ತಂದೆ ವುಲ್ಕಾಟ್ ಕಾಲ್ಕಿನ್ಸ್ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಮಕ್ಕಳ ಓದಿನ ಬಗ್ಗೆ ಅವರಿಗೆ ಬಹಳ ಕಾಳಜಿ. 1880ರಲ್ಲಿ ಕುಟುಂಬ ಬಾಸ್ಟನ್ ನಗರದ ಪಕ್ಕದ ನ್ಯೂಟನ್‌ಗೆ ಬಂದು ನೆಲೆಸಿತು. ಮೇರಿ ಕೊನೆಯವರೆಗೂ ಆ ಊರಿನವರಾಗಿಯೇ ಉಳಿದರು.

1882ರಲ್ಲಿ ಅವರು ಸ್ಮಿತ್ ಕಾಲೇಜು ಸೇರಿದರು. ಮರುವರ್ಷ ತಂಗಿ ಮಾಡ್ ತೀರಿಕೊಂಡಳು. ಆ ದುಃಖದಲ್ಲಿ ಮೇರಿ ಒಂದು ವರ್ಷ ಮನೆಯಲ್ಲಿಯೇ ಉಳಿದು ಓದಿದರು. ಆಮೇಲೆ ಕಾಲೇಜಿಗೆ ಮರಳಿ 1885ರಲ್ಲಿ ಪದವಿ ಪಡೆದರು. ಆಯ್ದುಕೊಂಡ ವಿಷಯಗಳು ಗ್ರೀಕ್, ಲ್ಯಾಟಿನ್ ಸಾಹಿತ್ಯ ಮತ್ತು ತತ್ವಶಾಸ್ತ್ರ. ನಂತರ ಮನೆಮಂದಿಯೊಂದಿಗೆ ಯುರೋಪ್ ಪ್ರವಾಸ ಮಾಡಿ ಗ್ರೀಸ್ ದೇಶವನ್ನೂ ನೋಡಿ ಬಂದರು.

1887ರಲ್ಲಿ ವೆಲ್ಸ್‌ಲಿ ಮಹಿಳಾ ಕಾಲೇಜಿನಲ್ಲಿ ಗ್ರೀಕ್ ಕಲಿಸುವ ಕೆಲಸ ಸಿಕ್ಕಿತು. ಕಾಲೇಜು ಮನೆಯಿಂದ ಹೆಚ್ಚು ದೂರವಿರಲಿಲ್ಲ. ಮೂರು ವರ್ಷ ಪಾಠ ಹೇಳುತ್ತಿದ್ದಂತೆ ಕಾಲೇಜು ಅವರ ಮುಂದೆ ಹೊಸ ಪ್ರಸ್ತಾಪವಿಟ್ಟಿತು. ಮನೋವಿಜ್ಞಾನ ಎಂಬ ಹೊಸ ವಿಷಯವನ್ನು ಪ್ರಯೋಗಾಲಯದ ಸಮೇತ ಕಲಿಸಬೇಕು, ಆದರೆ ಅದಕ್ಕೆ ಮೊದಲು ಒಂದು ವರ್ಷ ಎಲ್ಲಿಯಾದರೂ ಹೋಗಿ ಆ ವಿಷಯವನ್ನು ಓದಿ ಬರಬೇಕು.

ಮನೋವಿಜ್ಞಾನ ಆಗ ತತ್ವಶಾಸ್ತ್ರದ ಮನೆಯಿಂದ ಬೇರೆಯಾಗಿ ಸ್ವಂತ ಒಲೆ ಹೂಡುತ್ತಿದ್ದ ಕಾಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯ ತೆರೆದು ಹತ್ತು ವರ್ಷವಷ್ಟೇ ಕಳೆದಿತ್ತು. ಅಮೆರಿಕದಲ್ಲಿ ಕಲಿಸುವವರೇ ಕಡಿಮೆ. ಕಲಿಸುವ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದ್ದವು ಇನ್ನೂ ಕಡಿಮೆ. ಮನೆಗೆ ಹತ್ತಿರವಿದ್ದದ್ದು ಹಾರ್ವರ್ಡ್. ಅಲ್ಲಿ ವಿಲಿಯಂ ಜೇಮ್ಸ್ ಇದ್ದರು, ತತ್ವಶಾಸ್ತ್ರದ ಜೊಸಾಯ ರಾಯ್ಸ್ ಇದ್ದರು. ಆದರೆ ಹಾರ್ವರ್ಡ್ ಗಂಡಸರ ವಿಶ್ವವಿದ್ಯಾಲಯವಾಗಿತ್ತು.

ಒಳಗೆ ಬರಬಹುದು, ಹೆಸರು ನೋಂದಾಯಿಸುವಂತಿಲ್ಲ

ಜೇಮ್ಸ್ ಮತ್ತು ರಾಯ್ಸ್ ಇಬ್ಬರೂ ಮೇರಿ ತಮ್ಮ ತರಗತಿಗೆ ಬರಲಿ ಎಂದರು. ಅಡ್ಡ ಬಂದದ್ದು ಆಡಳಿತ. ಆಗಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ಓದುವುದಕ್ಕೆ ಒಪ್ಪುವವರಲ್ಲ. ಮೇರಿ ಅವರ ತಂದೆ ಅರ್ಜಿ ಬರೆದರು. ವೆಲ್ಸ್‌ಲಿ ಕಾಲೇಜಿನ ಅಧ್ಯಕ್ಷೆಯೂ ಪತ್ರ ಬರೆದರು. ಕೊನೆಗೆ 1890ರ ಅಕ್ಟೋಬರ್ 1ರಂದು ಅನುಮತಿ ಸಿಕ್ಕಿತು. ಅದರ ಜೊತೆಗೆ ಒಂದು ಷರತ್ತೂ ದಾಖಲೆಗೆ ಸೇರಿತು. ಈ ಅನುಮತಿಯಿಂದ ಮಿಸ್ ಕಾಲ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗುವುದಿಲ್ಲ, ನೋಂದಣಿಗೆ ಅವರಿಗೆ ಹಕ್ಕಿಲ್ಲ ಎಂಬುದು ಅದರ ಸಾರ.

ಆ ಒಂದು ಸಾಲು ಮುಂದೆ ಅವರ ಇಡೀ ಬದುಕನ್ನು ಹಿಂಬಾಲಿಸಿತು.

ಜೇಮ್ಸ್ ಅವರ ಪ್ರಸಿದ್ಧ ಗ್ರಂಥ ದಿ ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ ಹೊರಬಂದದ್ದೂ ಅದೇ 1890ರಲ್ಲಿ. ಅವರ ತರಗತಿಗೆ ಮೇರಿಯಲ್ಲದೆ ನಾಲ್ವರು ಯುವಕರು ಬಂದಿದ್ದರು. ಕೆಲವೇ ದಿನಗಳಲ್ಲಿ ನಾಲ್ವರೂ ಬಿಟ್ಟು ಹೋದರು. ಉಳಿದವರು ಗುರು ಮತ್ತು ಈ ಒಬ್ಬ ಶಿಷ್ಯೆ. ಗ್ರಂಥಾಲಯದ ಬೆಂಕಿಗೂಡಿನ ಎರಡು ಬದಿಗೆ ಇಬ್ಬರೂ ಕುಳಿತು, ಅಚ್ಚಿನ ಮನೆಯಿಂದ ಆಗತಾನೇ ಬಂದ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಚರ್ಚಿಸಿದರು. ದೇಶದ ಅತಿ ದೊಡ್ಡ ಮನೋವಿಜ್ಞಾನಿಯಿಂದ ಒಬ್ಬರಿಗೇ ಪಾಠ ಸಿಕ್ಕಿತು. ಆ ಒಬ್ಬರು ವಿದ್ಯಾರ್ಥಿನಿಯೇ ಅಲ್ಲ ಎನ್ನುತ್ತಿತ್ತು ಕಡತ.

ಅದೇ ಅವಧಿಯಲ್ಲಿ ಮೇರಿ ವೂಸ್ಟರ್‌ನ ಕ್ಲಾರ್ಕ್ ವಿಶ್ವವಿದ್ಯಾಲಯದ ಎಡ್ಮಂಡ್ ಸ್ಯಾನ್‌ಫೋರ್ಡ್ ಅವರ ಬಳಿ ಪ್ರಯೋಗ ಮಾಡುವುದನ್ನು ಕಲಿತರು. ಇಬ್ಬರೂ ಕನಸುಗಳ ಬಗ್ಗೆ ಒಂದು ಅಧ್ಯಯನ ಮಾಡಿದರು. ರಾತ್ರಿಯ ಬೇರೆ ಬೇರೆ ಹೊತ್ತಿಗೆ ಅಲಾರಂ ಇಟ್ಟು ಎದ್ದು, ಕಂಡ ಕನಸನ್ನು ಆಗಲೇ ಬರೆದಿಡುವುದು ಕ್ರಮ. ಮೇರಿ 55 ರಾತ್ರಿಗಳಲ್ಲಿ 205 ಕನಸುಗಳನ್ನು ಬರೆದಿಟ್ಟರು. ಸ್ಯಾನ್‌ಫೋರ್ಡ್ 46 ರಾತ್ರಿಗಳಲ್ಲಿ 170 ಕನಸು ಬರೆದರು. ಹಗಲಿನ ಬದುಕಿನ ಜನ, ಜಾಗ, ಘಟನೆಗಳೇ ಕನಸಿನಲ್ಲಿಯೂ ಬಹುಪಾಲು ಬರುತ್ತವೆ ಎಂದು ಲೆಕ್ಕ ಸಮೇತ ತೋರಿಸಿದ ಈ ಲೇಖನ 1893ರಲ್ಲಿ ಪ್ರಕಟವಾಯಿತು. ಮುಂದೆ ಸಿಗ್ಮಂಡ್ ಫ್ರಾಯ್ಡ್ ತಮ್ಮ ಕನಸುಗಳ ಗ್ರಂಥದಲ್ಲಿ ಇದನ್ನು ಹೆಸರಿಸಿದರು.

1891ರಲ್ಲಿ ವೆಲ್ಸ್‌ಲಿಗೆ ಮರಳಿದ ಮೇರಿ, ಸ್ಯಾನ್‌ಫೋರ್ಡ್ ಅವರ ನೆರವಿನಿಂದ ಮನೋವಿಜ್ಞಾನ ಪ್ರಯೋಗಾಲಯ ಶುರು ಮಾಡಿದರು. ಮಹಿಳಾ ಕಾಲೇಜೊಂದರಲ್ಲಿ ಅಂಥದ್ದು ಅದೇ ಮೊದಲು. ಇಡೀ ಅಮೆರಿಕದಲ್ಲಿಯೇ ಆಗ ಅಂಥ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು.

ಒಂದು ಸಂಘ ಹುಟ್ಟಿತು

ಮೇರಿ ವೆಲ್ಸ್‌ಲಿಯಲ್ಲಿ ಪಾಠ ಹೇಳುತ್ತಿದ್ದಾಗಲೇ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1892ರ ಜುಲೈ 8ರಂದು ಸ್ಟ್ಯಾನ್ಲಿ ಹಾಲ್ ಅಲ್ಲಿ ಕೆಲವರನ್ನು ಸೇರಿಸಿ ಎಪಿಎ ಸ್ಥಾಪಿಸಿದರು. ಮೊದಲ ಸದಸ್ಯರು 31 ಮಂದಿ. ಎಲ್ಲರೂ ಗಂಡಸರು. ವಾರ್ಷಿಕ ಶುಲ್ಕ ಮೂರು ಡಾಲರ್. ಮೊದಲ ವಾರ್ಷಿಕ ಸಭೆ ಆ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಯಿತು. ಹಾಲ್ ಮೊದಲ ಅಧ್ಯಕ್ಷರಾದರು.

ಯಾವುದೇ ಸಂಘದಲ್ಲಿ ಓಡಾಡಿದವರಿಗೆ ಆರಂಭದ ವರ್ಷಗಳ ಕೆಲಸ ಗೊತ್ತಿರುತ್ತದೆ. ಯಾರು ಸದಸ್ಯರಾಗಬಹುದು, ಪದಾಧಿಕಾರಿಗಳನ್ನು ಯಾರು ಆರಿಸಬೇಕು, ಲೆಕ್ಕ ಯಾರು ಇಡಬೇಕು, ಹಿಂದಿನ ಸಭೆಯ ನಡಾವಳಿ ಯಾರು ಬರೆಯಬೇಕು ಎಂಬ ಚರ್ಚೆಯೇ ಹೆಚ್ಚು. ಎಪಿಎಯೂ ಇದಕ್ಕೆ ಹೊರತಾಗಿರಲಿಲ್ಲ. 1893ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾದಲ್ಲಿ ನಡೆದ ಎರಡನೇ ವಾರ್ಷಿಕ ಸಭೆ ಹೊಸ ಸದಸ್ಯರನ್ನು ಆರಿಸಿತು. ಅವರಲ್ಲಿ ಇಬ್ಬರು ಮಹಿಳೆಯರಿದ್ದರು. ಒಬ್ಬರು ಮೇರಿ ಕಾಲ್ಕಿನ್ಸ್. ಇನ್ನೊಬ್ಬರು ಗಣಿತ, ತರ್ಕ ಮತ್ತು ಬಣ್ಣಗಳ ದೃಷ್ಟಿಯ ಬಗ್ಗೆ ಕೆಲಸ ಮಾಡುತ್ತಿದ್ದ ಕ್ರಿಸ್ಟೀನ್ ಲ್ಯಾಡ್-ಫ್ರ್ಯಾಂಕ್ಲಿನ್.

ಲ್ಯಾಡ್-ಫ್ರ್ಯಾಂಕ್ಲಿನ್ ಅವರದ್ದೂ ಇಂಥದ್ದೇ ಕಥೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1882ರಲ್ಲಿಯೇ ಪಿಎಚ್‌ಡಿಗೆ ಬೇಕಾದ ಕೆಲಸ ಮುಗಿಸಿದ್ದ ಅವರ ಕೈಗೆ ಪದವಿ ಬಂದದ್ದು 1926ರಲ್ಲಿ. ಅಂದರೆ 44 ವರ್ಷಗಳ ನಂತರ.

1894ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸೇರಿದ ಸಭೆ ಸಂಘದ ನಿಯಮಾವಳಿಯನ್ನು ಒಪ್ಪಿಕೊಂಡಿತು. ಮನೋವಿಜ್ಞಾನವನ್ನು ವಿಜ್ಞಾನವಾಗಿ ಬೆಳೆಸುವುದು ಸಂಘದ ಉದ್ದೇಶ, ಆ ಕೆಲಸದಲ್ಲಿ ತೊಡಗಿದವರು ಸದಸ್ಯರಾಗಬಹುದು ಎಂದಷ್ಟೇ ಅದು ಹೇಳಿತು. ಗಂಡೇ ಆಗಿರಬೇಕು ಎಂಬ ಮಾತು ಅದರಲ್ಲಿರಲಿಲ್ಲ. ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಮೇರಿ ಅವರ ಬದುಕಿನಲ್ಲಿ ಇದೇ ದೊಡ್ಡ ವ್ಯತ್ಯಾಸವಾಯಿತು. ಹಾರ್ವರ್ಡ್ ಕೇಳಿದ್ದು ಅವರು ಯಾರು ಎಂದು. ಸಂಘದ ನಿಯಮ ಕೇಳಿದ್ದು ಅವರು ಏನು ಕೆಲಸ ಮಾಡುತ್ತಾರೆ ಎಂದು.

ಬಣ್ಣ ಮತ್ತು ಸಂಖ್ಯೆಯ ಜೋಡಿ

1892ರಲ್ಲಿ ಜೇಮ್ಸ್ ಅವರ ಆಹ್ವಾನದ ಮೇಲೆ ಜರ್ಮನಿಯಿಂದ ಹ್ಯೂಗೋ ಮುನ್‌ಸ್ಟರ್‌ಬರ್ಗ್ ಹಾರ್ವರ್ಡ್‌ಗೆ ಬಂದು ಪ್ರಯೋಗಾಲಯದ ಹೊಣೆ ಹೊತ್ತರು. ಮೇರಿ ಅವರ ಬಳಿ ಕೆಲಸ ಮಾಡಲು ಮತ್ತೆ ಅನುಮತಿ ಪಡೆದರು. ಮೊದಲು ವೆಲ್ಸ್‌ಲಿಯ ಪಾಠದ ನಡುವೆ ಬಿಡುವು ಮಾಡಿಕೊಂಡು ಹೋಗುತ್ತಿದ್ದರು. 1894-95ರಲ್ಲಿ ಕಾಲೇಜಿನಿಂದ ಇಡೀ ವರ್ಷ ರಜೆ ಪಡೆದು ಅಲ್ಲಿಯೇ ತೊಡಗಿಕೊಂಡರು.

ಒಂದು ವಿಷಯ ನೆನಪಾದರೆ ಅದರ ಹಿಂದೆಯೇ ಇನ್ನೊಂದು ಏಕೆ ನೆನಪಾಗುತ್ತದೆ ಎಂಬುದು ಅವರ ಪ್ರಶ್ನೆ. ಇದನ್ನು ಪರೀಕ್ಷಿಸಲು ಅವರು ಸರಳ ವಿಧಾನವೊಂದನ್ನು ಕಂಡುಕೊಂಡರು. ಒಂದು ಬಣ್ಣ ತೋರಿಸುವುದು, ಅದರ ಜೊತೆಗೆ ಒಂದು ಸಂಖ್ಯೆ ತೋರಿಸುವುದು. ಹೀಗೆ ಹಲವು ಜೋಡಿಗಳಾದ ಮೇಲೆ ಬಣ್ಣವನ್ನಷ್ಟೇ ತೋರಿಸಿ ಸಂಖ್ಯೆ ಹೇಳಿಸುವುದು. ಕೆಲವು ಜೋಡಿಗಳನ್ನು ಹೆಚ್ಚು ಸಲ ತೋರಿಸಿದರು. ಕೆಲವನ್ನು ಕೊನೆಯಲ್ಲಿ ತೋರಿಸಿದರು. ಕೆಲವನ್ನು ಎದ್ದು ಕಾಣುವಂತೆ ಮಾಡಿದರು. ಹೊಸದಾಗಿ ನೋಡಿದ್ದು, ಕಣ್ಣಿಗೆ ಹೊಡೆಯುವಂತಿದ್ದದ್ದು ನೆನಪಿನಲ್ಲಿ ಉಳಿಯುತ್ತದೆ ನಿಜ. ಆದರೆ ಎಲ್ಲಕ್ಕಿಂತ ಹೆಚ್ಚು ಉಳಿಯುವುದು ಪದೇ ಪದೇ ಕಂಡದ್ದು ಎಂಬ ನಿರ್ಣಯಕ್ಕೆ ಬಂದರು.

ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ನಮ್ಮ ದೇಶದ ಕಾಲೇಜುಗಳಲ್ಲಿ ಮನೋವಿಜ್ಞಾನದ ಪ್ರಾಯೋಗಿಕ ತರಗತಿಗೆ ಹೋದವರು ಜೋಡಿ ಪದಗಳ ಪ್ರಯೋಗ ಮಾಡಿರುತ್ತಾರೆ. ಮನೆಯ ಹಿರಿಯರನ್ನು ಮರೆವಿನ ತೊಂದರೆಗೆಂದು ಆಸ್ಪತ್ರೆಗೆ ಕರೆದೊಯ್ದವರೂ ಇದನ್ನು ಕಂಡಿರಬಹುದು. ಎರಡೆರಡು ಪದಗಳನ್ನು ಒಟ್ಟಿಗೆ ಹೇಳಿ, ಸ್ವಲ್ಪ ಹೊತ್ತಿನ ನಂತರ ಮೊದಲನೆಯದನ್ನು ಹೇಳಿ ಎರಡನೆಯದನ್ನು ಕೇಳುವ ಪರೀಕ್ಷೆಯ ಬೇರು ಇರುವುದು ಮೇರಿ ಅವರ ಆ ಬಣ್ಣ ಮತ್ತು ಸಂಖ್ಯೆಗಳಲ್ಲಿ.

ಗಮನಿಸಲಾಯಿತು, ಒಪ್ಪಲಿಲ್ಲ

ಮುನ್‌ಸ್ಟರ್‌ಬರ್ಗ್ 1894ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ಆಡಳಿತ ಮಂಡಳಿಗೆ ಪತ್ರ ಬರೆದರು. ಮಿಸ್ ಕಾಲ್ಕಿನ್ಸ್ ಅವರನ್ನು ಪಿಎಚ್‌ಡಿ ಅಭ್ಯರ್ಥಿಯಾಗಿ ಸೇರಿಸಿಕೊಳ್ಳಬೇಕು, ತಾವು ಇಲ್ಲಿಗೆ ಬಂದ ಮೇಲೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಎಲ್ಲ ವಿದ್ಯಾರ್ಥಿಗಳಲ್ಲಿ ಇವರೇ ಎಲ್ಲರಿಗಿಂತ ಗಟ್ಟಿ ಎಂದು ತಿಳಿಸಿದರು. ಅದೇ ತಿಂಗಳ ಕೊನೆಯಲ್ಲಿ ಮಂಡಳಿ ಮನವಿಯನ್ನು ತಿರಸ್ಕರಿಸಿತು.

ಆದರೂ ವಿಭಾಗದವರು ಬಿಡಲಿಲ್ಲ. 1895ರ ಮೇ ತಿಂಗಳಲ್ಲಿ ಜೇಮ್ಸ್, ರಾಯ್ಸ್, ಮುನ್‌ಸ್ಟರ್‌ಬರ್ಗ್ ಮೊದಲಾದವರು ಸೇರಿ, ಪಿಎಚ್‌ಡಿಯ ಮೌಖಿಕ ಪರೀಕ್ಷೆಗೆ ಎಲ್ಲ ರೀತಿಯಲ್ಲೂ ಸಮನಾದ, ಆದರೆ ಅಧಿಕೃತವಲ್ಲದ ಒಂದು ಪರೀಕ್ಷೆ ನಡೆಸಿದರು. ಮೇರಿ ಉತ್ತರಿಸಿದ ರೀತಿಗೆ ಜೇಮ್ಸ್ ಬೆರಗಾದರು. ಹಾರ್ವರ್ಡ್‌ನಲ್ಲಿ ತಾವು ಕಂಡ ಇಂಥ ಪರೀಕ್ಷೆಗಳಲ್ಲೆಲ್ಲ ಇದೇ ಅತ್ಯಂತ ಉಜ್ವಲ ಎಂದು ಪರಿಚಿತರಿಗೆ ಪತ್ರ ಬರೆದರು. ಪದವಿಗೆ ಬೇಕಾದ ಎಲ್ಲವನ್ನೂ ಅಭ್ಯರ್ಥಿ ಪೂರೈಸಿದ್ದಾರೆ ಎಂದು ಪರೀಕ್ಷಕರು ಸಹಿ ಹಾಕಿ ವಿಶ್ವವಿದ್ಯಾಲಯಕ್ಕೆ ತಿಳಿಸಿದರು.

ವಿಶ್ವವಿದ್ಯಾಲಯ ಆ ಪತ್ರವನ್ನು ಸ್ವೀಕರಿಸಿತು. ಗಮನಿಸಿದ್ದಾಗಿ ದಾಖಲಿಸಿಕೊಂಡಿತು. ಪದವಿ ಕೊಡಲಿಲ್ಲ.

ಮೇರಿ ವೆಲ್ಸ್‌ಲಿಗೆ ಮರಳಿದರು. ಅವರ ಪ್ರಬಂಧ 1896ರಲ್ಲಿ ಅಚ್ಚಾಯಿತು. ಯಾರು ಬೇಕಾದರೂ ಓದಬಹುದಿತ್ತು, ಉಲ್ಲೇಖಿಸಬಹುದಿತ್ತು. ಅದನ್ನು ಬರೆದವರ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕುವಂತಿರಲಿಲ್ಲ ಅಷ್ಟೆ.

ಸಮಾಧಾನದ ಬಹುಮಾನ ಬೇಡ

1902ರಲ್ಲಿ ಒಂದು ದಾರಿ ತೆರೆಯಿತು. ಹಾರ್ವರ್ಡ್ ಪ್ರಾಧ್ಯಾಪಕರೇ ಬಂದು ಪಾಠ ಹೇಳುತ್ತಿದ್ದ ರ‍್ಯಾಡ್‌ಕ್ಲಿಫ್ ಎಂಬ ಮಹಿಳಾ ಕಾಲೇಜು ಪಕ್ಕದಲ್ಲಿಯೇ ಇತ್ತು. ಹಾರ್ವರ್ಡ್‌ನಲ್ಲಿ ಓದು ಮುಗಿಸಿಯೂ ಪದವಿ ಸಿಗದ ನಾಲ್ವರು ಮಹಿಳೆಯರಿಗೆ ರ‍್ಯಾಡ್‌ಕ್ಲಿಫ್ ಹೆಸರಿನಲ್ಲಿ ಪಿಎಚ್‌ಡಿ ಕೊಡುವ ಪ್ರಸ್ತಾಪ ಬಂತು. ಮೂವರು ಒಪ್ಪಿಕೊಂಡರು. ಮೇರಿ ಒಪ್ಪಲಿಲ್ಲ.

ತೆಗೆದುಕೊಳ್ಳಿ ಎಂದು ಮುನ್‌ಸ್ಟರ್‌ಬರ್ಗ್ ಅವರೇ ಒತ್ತಾಯಿಸಿದರು. ತೆಗೆದುಕೊಂಡಿದ್ದರೆ ಅನುಕೂಲವೂ ಆಗುತ್ತಿತ್ತು ಎಂಬುದು ಮೇರಿಗೆ ಗೊತ್ತಿತ್ತು. ಆದರೆ ತಾವು ಓದಿದ್ದು ಹಾರ್ವರ್ಡ್‌ನಲ್ಲಿ, ರ‍್ಯಾಡ್‌ಕ್ಲಿಫ್‌ನಲ್ಲಿ ಅಲ್ಲ. ಓದದ ಕಡೆಯ ಪದವಿ ಪಡೆಯುವುದೆಂದರೆ ಹೆಣ್ಣಿಗೆ ಬೇರೆ ಬಾಗಿಲು, ಗಂಡಿಗೆ ಬೇರೆ ಬಾಗಿಲು ಎಂಬ ಏರ್ಪಾಡಿಗೆ ಸಹಿ ಹಾಕಿದಂತೆ. ಶಿಕ್ಷಣದ ಬಗ್ಗೆ ತಮಗಿರುವ ಆದರ್ಶಕ್ಕೆ ನಿರಾಕರಣೆಯೇ ಸರಿಯಾದ ದಾರಿ ಎಂದು ಸೌಜನ್ಯದಿಂದಲೇ ಪತ್ರ ಬರೆದರು. ಕೂಗಾಟವಿಲ್ಲ, ಕಹಿ ಮಾತಿಲ್ಲ. ಬೇಡ ಎಂದರೆ ಬೇಡ.

ಒಪ್ಪಿಕೊಂಡ ಮೂವರದ್ದು ತಪ್ಪು ಎನ್ನುವಂತಿಲ್ಲ. ಕೆಲಸ ಹುಡುಕುವವರಿಗೆ ಪದವಿ ಬೇಕು. ಮೇರಿಗೆ ವೆಲ್ಸ್‌ಲಿಯಲ್ಲಿ ಪ್ರಾಧ್ಯಾಪಕಿಯ ಹುದ್ದೆ ಗಟ್ಟಿಯಾಗಿತ್ತು. ನಿರಾಕರಿಸುವ ಶಕ್ತಿ ಇದ್ದವರು ನಿರಾಕರಿಸಿದರು ಎನ್ನಬಹುದು. ಆದರೂ ಅವರು ಹಾಗೆ ಮಾಡದೇ ಹೋಗಿದ್ದರೆ ಆ ಅನ್ಯಾಯ ದಾಖಲೆಯಲ್ಲಿ ಇತ್ಯರ್ಥವಾದಂತೆ ಕಾಣುತ್ತಿತ್ತು. ಅವರ ಒಂದು ನಿರಾಕರಣೆ ಆ ಕಡತವನ್ನು ಮುಚ್ಚಲು ಬಿಡಲಿಲ್ಲ.

ಊಟದ ಕೋಣೆಯಲ್ಲಿ ಸಮಿತಿ

ಮೇರಿ ಎಪಿಎಯಲ್ಲಿ ಹೆಸರಿಗಷ್ಟೇ ಸದಸ್ಯೆಯಾಗಿರಲಿಲ್ಲ. ಸಮಿತಿಯಲ್ಲಿಯೂ ಕುಳಿತವರು. ಆ ದಿನಗಳ ಒಂದು ಪ್ರಸಂಗವನ್ನು ಅವರೇ ಮುಂದೆ ತಮ್ಮ ಆತ್ಮಕಥನದ ಬರಹದಲ್ಲಿ ನೆನೆದಿದ್ದಾರೆ. ಮುನ್‌ಸ್ಟರ್‌ಬರ್ಗ್ ಒಮ್ಮೆ ಸಂಘದ ಸಮಿತಿಯ ಸಭೆಯನ್ನು ಹಾರ್ವರ್ಡ್ ಯೂನಿಯನ್‌ನಲ್ಲಿ ಊಟದ ಜೊತೆ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ಧಡೂತಿ ಮುಖ್ಯ ಮಾಣಿ ತಡೆದ. ದೊಡ್ಡ ಸಭಾಂಗಣಕ್ಕೆ ಹೆಂಗಸರು ಕಾಲಿಡುವಂತಿಲ್ಲ. ಹೆಂಗಸರ ಊಟದ ಕೋಣೆಗೆ ಹೋಗೋಣವೆಂದರೆ ಒಬ್ಬ ಹೆಂಗಸಿನ ಜೊತೆ ಇಷ್ಟೊಂದು ಗಂಡಸರನ್ನು ಬಿಡುವಂತಿಲ್ಲ. ನಿಯಮದ ಪ್ರಕಾರ ಅವನು ಹೇಳಿದ್ದು ಸರಿಯೇ ಆಗಿತ್ತು. ಮುನ್‌ಸ್ಟರ್‌ಬರ್ಗ್ ಹೆಚ್ಚುಕಡಿಮೆ ಬಲವಂತದಿಂದಲೇ ಒಳಗೆ ನುಗ್ಗಿ ಸಮಿತಿಗೆ ಊಟ ಕೊಡಿಸಿದರು.

ಮೇರಿ ಇದನ್ನು ನಗುತ್ತಲೇ ಬರೆದಿದ್ದಾರೆ. ಓದುವವರಿಗೆ ನಗುವಿನ ಜೊತೆ ಬೇರೆಯದೂ ಕಾಣುತ್ತದೆ. ಸಂಘದ ಸಮಿತಿಯಲ್ಲಿ ಅವರಿಗೆ ಕುರ್ಚಿ ಇತ್ತು, ಸಮಿತಿ ಸೇರಿದ ಕಟ್ಟಡದಲ್ಲಿ ಇರಲಿಲ್ಲ.

1903ರಲ್ಲಿ ಜೇಮ್ಸ್ ಕ್ಯಾಟೆಲ್ ಎಂಬ ಮನೋವಿಜ್ಞಾನಿ, ದೇಶದ ಪ್ರಮುಖ ಮನೋವಿಜ್ಞಾನಿಗಳು ಯಾರು ಎಂದು ಅದೇ ಕ್ಷೇತ್ರದವರಿಂದ ಅಭಿಪ್ರಾಯ ಪಡೆದು 50 ಜನರ ಪಟ್ಟಿ ಮಾಡಿದರು. ಮೇರಿ ಕಾಲ್ಕಿನ್ಸ್ ಅದರಲ್ಲಿ 12ನೆಯವರು. 1905ರ ಸಾಲಿಗೆ ಸಂಘದ ಅಧ್ಯಕ್ಷ ಸ್ಥಾನಕ್ಕೆ ಅವರ ಆಯ್ಕೆಯಾದದ್ದು ಹೀಗೆ ಗಳಿಸಿದ ಗೌರವದ ಮೇಲೆ.

ಸಂಘದ ಅಧ್ಯಕ್ಷರ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದರೆ ಮೇರಿ ಅವರ ಓದಿನ ಕಥೆಯೇ ಮತ್ತೊಮ್ಮೆ ಕಾಣುತ್ತದೆ. 1898ರಲ್ಲಿ ಮುನ್‌ಸ್ಟರ್‌ಬರ್ಗ್. 1901ರಲ್ಲಿ ರಾಯ್ಸ್. 1902ರಲ್ಲಿ ಸ್ಯಾನ್‌ಫೋರ್ಡ್. 1904ರಲ್ಲಿ, ಎರಡನೇ ಬಾರಿಗೆ, ಜೇಮ್ಸ್. 1905ರಲ್ಲಿ ಕಾಲ್ಕಿನ್ಸ್. ಬೆಂಕಿಗೂಡಿನ ಎದುರು ಪಾಠ ಹೇಳಿದ ಗುರುವಿನ ಹೆಸರಿನ ಮುಂದಿನ ಸಾಲಿನಲ್ಲಿಯೇ ಶಿಷ್ಯೆಯ ಹೆಸರಿದೆ.

ಎಮರ್ಸನ್ ಹಾಲ್ ಸಭೆಯಲ್ಲಿ ಮೇರಿ ಮಾತಾಡಿದ್ದು ತಮಗಾದ ಅನ್ಯಾಯದ ಬಗ್ಗೆ ಅಲ್ಲ. ಮನೋವಿಜ್ಞಾನಿಗಳು ಆಗ ಎರಡು ಪಾಳೆಯಗಳಾಗಿ ಜಗಳವಾಡುತ್ತಿದ್ದರು. ಮನಸ್ಸು ಯಾವ ಯಾವ ಅಂಶಗಳಿಂದ ಆಗಿದೆ ಎಂದು ಬಿಡಿಸಿ ನೋಡಬೇಕು ಎನ್ನುವವರು ಒಂದು ಕಡೆ. ಮನಸ್ಸು ಏನು ಕೆಲಸ ಮಾಡುತ್ತದೆ ಎಂದು ನೋಡಬೇಕು ಎನ್ನುವವರು ಇನ್ನೊಂದು ಕಡೆ. ಎರಡೂ ಬೇಕು, ಆದರೆ ಎರಡನ್ನೂ ಹಿಡಿದಿಡುವುದು ನಾನು ಎಂಬ ಅರಿವು ಎಂದರು ಮೇರಿ. ಯಾವ ಅನುಭವವೂ ಗಾಳಿಯಲ್ಲಿ ತೇಲುವುದಿಲ್ಲ, ಅದು ಯಾರೋ ಒಬ್ಬರ ಅನುಭವವಾಗಿರುತ್ತದೆ ಎಂಬುದು ಅವರ ನಿಲುವು. ಮುಂದೆ ನಡವಳಿಕೆಯನ್ನಷ್ಟೇ ಅಳೆಯಬೇಕು ಎಂಬ ಗಾಳಿ ಜೋರಾದಾಗ ಈ ಮಾತು ಅನೇಕರಿಗೆ ಹಳೆಯದೆನಿಸಿತು. ಅವರು ಬದಲಿಸಲಿಲ್ಲ. 25 ವರ್ಷ ಅದನ್ನೇ ಬರೆದರು, ಅದನ್ನೇ ಕಲಿಸಿದರು.

ನಡಾವಳಿ ಇಲ್ಲದ ಕೂಟ

ಸಂಘದ ಬಗ್ಗೆ ಇಷ್ಟು ಹೇಳಿದ ಮೇಲೆ ಅದೇ ಕಾಲದ ಇನ್ನೊಂದು ಕೂಟದ ಬಗ್ಗೆಯೂ ಹೇಳಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಿಚನರ್ 1904ರಲ್ಲಿ ಪ್ರಯೋಗ ನಡೆಸುವ ಮನೋವಿಜ್ಞಾನಿಗಳದ್ದೇ ಒಂದು ಗುಂಪು ಕಟ್ಟಿದರು. ಅದಕ್ಕೆ ಪದಾಧಿಕಾರಿಗಳಿರಲಿಲ್ಲ, ಚುನಾವಣೆ ಇರಲಿಲ್ಲ, ನಡಾವಳಿ ಬರೆದಿಡುವ ಕ್ರಮವಿರಲಿಲ್ಲ. ವರ್ಷಕ್ಕೊಮ್ಮೆ ಒಂದು ಪ್ರಯೋಗಾಲಯದಲ್ಲಿ ಸೇರುವುದು, ಸಿಗರೇಟು ಸೇದುತ್ತಾ ಮನಬಿಚ್ಚಿ ಮಾತಾಡುವುದು. ಹೆಂಗಸರಿಗೆ ಪ್ರವೇಶವಿಲ್ಲ. ಹೊಗೆಯ ನಡುವೆ ಹೆಂಗಸರು ಕೂರುವುದು ಸರಿಯಲ್ಲ, ಅವರೆದುರು ಬಿಚ್ಚುಮಾತು ಕಷ್ಟ ಎಂಬುದು ಕೊಟ್ಟ ಕಾರಣ.

ಲ್ಯಾಡ್-ಫ್ರ್ಯಾಂಕ್ಲಿನ್ ವರ್ಷಗಟ್ಟಲೆ ಪ್ರತಿಭಟಿಸಿದರು. ಫಲ ಸಿಗಲಿಲ್ಲ. ನಿಯಮಾವಳಿ ಇದ್ದರೆ ಯಾವ ನಿಯಮದ ಪ್ರಕಾರ ಹೊರಗಿಟ್ಟಿರಿ ಎಂದು ಕೇಳಬಹುದು. ನಡಾವಳಿ ಇದ್ದರೆ ಯಾರು ಒಪ್ಪಿದರು, ಯಾರು ಬೇಡವೆಂದರು ಎಂದು ನೋಡಬಹುದು. ಏನೂ ಇಲ್ಲದ ಕಡೆ ಯಾರನ್ನು ಕೇಳುವುದು? ಟಿಚನರ್ 1927ರಲ್ಲಿ ತೀರಿಕೊಂಡ ಮೇಲೆಯೇ ಆ ಗುಂಪು 1929ರಲ್ಲಿ ನಿಯಮಬದ್ಧ ಸಂಘವಾಯಿತು, ಮಹಿಳೆಯರನ್ನೂ ಸೇರಿಸಿಕೊಂಡಿತು.

ಹಾರ್ವರ್ಡ್ ಬೇಡ ಎಂದದ್ದು ಕೆಟ್ಟದ್ದೇ. ಆದರೆ ಅದನ್ನು ದಿನಾಂಕ ಹಾಕಿ ಬರೆದಿಟ್ಟಿತು. ಆದ್ದರಿಂದಲೇ ಇಂದು ಆ ಬಗ್ಗೆ ಪ್ರಶ್ನೆ ಕೇಳಲು ಸಾಧ್ಯವಾಗಿದೆ.

ಎಪಿಎಯನ್ನೂ ಹೊಗಳಿ ಮುಗಿಸುವಂತಿಲ್ಲ. ಅದರ ಪಟ್ಟಿಯೇ ಅದರ ಮಿತಿಯನ್ನೂ ಹೇಳುತ್ತದೆ. ಮೇರಿ ನಂತರ 1921ರಲ್ಲಿ ಮಾರ್ಗರೆಟ್ ಫ್ಲಾಯ್ ವಾಶ್‌ಬರ್ನ್ ಅಧ್ಯಕ್ಷರಾದರು. ಮೂರನೆಯ ಮಹಿಳೆ ಆ ಸ್ಥಾನಕ್ಕೆ ಬಂದದ್ದು 1972ರಲ್ಲಿ, ಆ್ಯನ್ ಅನಸ್ತಾಸಿ. ನಡುವೆ ಅರ್ಧ ಶತಮಾನ. ನಿಯಮದಲ್ಲಿ ಅಡ್ಡಿ ಇರಲಿಲ್ಲ. ಆದರೂ ಸಾಲಾಗಿ ಗಂಡಸರ ಹೆಸರುಗಳೇ ಬಂದವು.

ಕೊನೆಯ ಮನವಿ

ಮೇರಿ ಅವರಿಗೆ 1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ, 1910ರಲ್ಲಿ ತಾವು ಓದಿದ ಸ್ಮಿತ್ ಕಾಲೇಜು ಗೌರವ ಡಾಕ್ಟರೇಟ್ ನೀಡಿದವು. 1918ರಲ್ಲಿ ಅವರು ಅಮೆರಿಕನ್ ಫಿಲಸಾಫಿಕಲ್ ಅಸೋಸಿಯೇಷನ್ ಅಧ್ಯಕ್ಷರೂ ಆದರು. ಅಲ್ಲಿಯೂ ಅವರೇ ಮೊದಲ ಮಹಿಳೆ. ನಾಲ್ಕು ಪುಸ್ತಕ, ನೂರಕ್ಕೂ ಹೆಚ್ಚು ಲೇಖನ ಬರೆದರು. ಬೇರೆಡೆಯಿಂದ ದೊಡ್ಡ ಅವಕಾಶ ಬಂದಾಗಲೂ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ನ್ಯೂಟನ್ ತೊರೆಯಲಿಲ್ಲ.

1927ರಲ್ಲಿ ಹಾರ್ವರ್ಡ್‌ನಲ್ಲಿಯೇ ಪದವಿ ಪಡೆದ 13 ಮಂದಿ ಮನೋವಿಜ್ಞಾನಿಗಳು, ತತ್ವಶಾಸ್ತ್ರಜ್ಞರು ಸೇರಿ ಆಗಿನ ಅಧ್ಯಕ್ಷ ಲೊವೆಲ್ ಅವರಿಗೆ ಮನವಿ ಕೊಟ್ಟರು. 1895ರಲ್ಲಿ ದುಡಿದು ಗಳಿಸಿದ ಪದವಿಯನ್ನು ಮಿಸ್ ಕಾಲ್ಕಿನ್ಸ್ ಅವರಿಗೆ ಈಗಲಾದರೂ ಕೊಡಿ ಎಂಬುದು ಕೋರಿಕೆ. ಥಾರ್ನ್‌ಡೈಕ್, ವುಡ್‌ವರ್ತ್, ಯರ್ಕ್ಸ್ ಅಂಥ ಹೆಸರಾಂತರು ಅವರಲ್ಲಿದ್ದರು. ಮೂವರೂ ಎಪಿಎಯ ಮಾಜಿ ಅಧ್ಯಕ್ಷರು. ಕೊಡಲು ಸಾಕಷ್ಟು ಕಾರಣ ಕಾಣುತ್ತಿಲ್ಲ ಎಂಬ ಉತ್ತರ ಬಂತು.

1929ರಲ್ಲಿ, 42 ವರ್ಷಗಳ ಸೇವೆಯ ನಂತರ, ಮೇರಿ ವೆಲ್ಸ್‌ಲಿಯಿಂದ ನಿವೃತ್ತರಾದರು. ಬರೆಯುತ್ತಾ, ತಾಯಿಯ ಜೊತೆ ಇರುತ್ತಾ ಕಾಲ ಕಳೆಯಬೇಕೆಂದಿದ್ದರು. ಕ್ಯಾನ್ಸರ್ ಅದಕ್ಕೆ ಬಿಡಲಿಲ್ಲ. 1930ರ ಫೆಬ್ರವರಿಯಲ್ಲಿ, 67 ತುಂಬುವ ಮೊದಲೇ ತೀರಿಕೊಂಡರು.

ಕಡತಗಳು ಉಳಿದವು

ಮೇರಿ ಅವರ ಹೆಸರು ಹಲವು ದಶಕ ಪಠ್ಯಪುಸ್ತಕಗಳಲ್ಲಿ ಮಸುಕಾಯಿತು. ಜೋಡಿ ಕಲಿಕೆಯ ವಿಧಾನ ಎಲ್ಲರಿಗೂ ಗೊತ್ತಿತ್ತು, ಅದನ್ನು ಕಂಡುಕೊಂಡವರು ಯಾರೆಂದು ಹೇಳುವವರು ಕಡಿಮೆಯಾದರು. 1970ರ ದಶಕದ ಕೊನೆಯಲ್ಲಿ ವೆಲ್ಸ್‌ಲಿ ಕಾಲೇಜಿನ ಮನೋವಿಜ್ಞಾನಿ ಲಾರೆಲ್ ಫುರುಮೊಟೊ ಹಳೆಯ ಪತ್ರ, ದಾಖಲೆಗಳನ್ನು ತೆಗೆದು ಓದಿ, ಎಪಿಎಯ 14ನೇ ಅಧ್ಯಕ್ಷರ ಕಥೆಯನ್ನು ಮತ್ತೆ ಬರೆದರು. ಅರ್ಜಿ, ಅನುಮತಿ, ಪರೀಕ್ಷಕರ ಪತ್ರ, ನಿರಾಕರಣೆ ಎಲ್ಲವೂ ಕಾಗದದಲ್ಲಿ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ಎಪಿಎಯ ಹಳೆಯ ದಾಖಲೆಗಳು ಇಂದು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಮೇರಿ ಅವರ ಕಾಗದಪತ್ರಗಳು ವೆಲ್ಸ್‌ಲಿಯಲ್ಲಿವೆ. ಅಮೆರಿಕದ ಮನೋವಿಜ್ಞಾನದ ಇತಿಹಾಸಕ್ಕೆಂದೇ 1965ರಲ್ಲಿ ಒಹಾಯೊ ರಾಜ್ಯದ ಅಕ್ರನ್ ವಿಶ್ವವಿದ್ಯಾಲಯದಲ್ಲಿ ಒಂದು ಪತ್ರಾಗಾರವೂ ಶುರುವಾಯಿತು. ಯಾರೋ ಬೇಸರಪಡದೆ ಬರೆದಿಟ್ಟ ಸಭೆಯ ವರದಿ, ಯಾರೋ ಎಸೆಯದೆ ಉಳಿಸಿದ ಪತ್ರ ಹೀಗೆ ನೂರು ವರ್ಷದ ನಂತರ ಸಾಕ್ಷಿ ಹೇಳುತ್ತವೆ.

ರ‍್ಯಾಡ್‌ಕ್ಲಿಫ್ ವಿದ್ಯಾರ್ಥಿನಿಯರಿಗೆ ಹಾರ್ವರ್ಡ್ ತನ್ನ ಹೆಸರಿನಲ್ಲಿಯೇ ಪದವಿ ಕೊಡಲು ಶುರು ಮಾಡಿದ್ದು 1963ರಲ್ಲಿ. ಅದು ಮೇರಿ ಹುಟ್ಟಿ ಸರಿಯಾಗಿ ನೂರು ವರ್ಷವಾದ ವರ್ಷ. ಮೇರಿಗೆ ಕೊಡಬೇಕಿದ್ದ ಪದವಿಯನ್ನು ಮಾತ್ರ ಅವರ ಜೀವಿತಕಾಲದಲ್ಲಿ ಕೊಡಲೇ ಇಲ್ಲ. ಹಾರ್ವರ್ಡ್ ಪಿಎಚ್‌ಡಿ ಪಡೆದವರ 1895ರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಸಂಘದ ಪಟ್ಟಿಯಲ್ಲಿ ವಿಲಿಯಂ ಜೇಮ್ಸ್ ಹೆಸರಿನ ನಂತರ, 14ನೇ ಸಾಲಿನಲ್ಲಿ, ಮೇರಿ ವೈಟನ್ ಕಾಲ್ಕಿನ್ಸ್ ಎಂದಿದೆ.